ಕಸೂತಿಯ ನಕ್ಷೆ ನಾವೇ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಐದಾರು ಮಂದಿ ಸೂಜಿ ದಾರ ಹಿಡಿದು ಕೂರುತ್ತೇವೆ. ಕುಂದಾಪುರದವರಿದ್ದಾರೆ, ವಿಜಯಪುರದವರಿದ್ದಾರೆ, ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಓದಲು ಕಲಿಯುತ್ತಿರುವ ಹುಡುಗಿಯರೂ ಇದ್ದಾರೆ. ಹೊಲಿಯುವುದಕ್ಕೆ ಯಾರೂ ಹೆದರುವುದಿಲ್ಲ. ಎಲ್ಲರೂ ಕೈಕಟ್ಟಿ ನಿಲ್ಲುವುದು ಅದರ ಹಿಂದಿನ ಹಂತದಲ್ಲಿ. ಕಾಗದದ ಮೇಲಿನ ಹೂವನ್ನು ಬಟ್ಟೆಗೆ ಇಳಿಸುವುದು ಹೇಗೆ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಚ್ಚು ಹಾಕಿದ ಡಿಸೈನ್ ಅಂಗಡಿಯಲ್ಲೇ ಸಿಗುತ್ತದಲ್ಲ, ನಾವೇಕೆ ಮಾಡಿಕೊಳ್ಳಬೇಕು?

ಸಿಗುತ್ತದೆ. ಅದೇ ನವಿಲು, ಅದೇ ಬುಟ್ಟಿ, ಅದೇ ಗುಲಾಬಿ ಗೊಂಚಲು. ಅಳತೆ ಅವರದು, ನಿಮ್ಮ ದಿಂಬಿನ ಚೀಲದ್ದಲ್ಲ. ನಿಮ್ಮ ಅಜ್ಜಿಯ ಸೀರೆಯ ಅಂಚಿನಲ್ಲಿದ್ದ ಬಳ್ಳಿ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನನಗೆ ಚಿತ್ರ ಬಿಡಿಸಲು ಬರುವುದೇ ಇಲ್ಲ. ಆದರೂ ಆಗುತ್ತದೆಯೇ?

ಬಾಗಿಲಿಗೆ ರಂಗೋಲಿ ಹಾಕುತ್ತೀರಲ್ಲ? ಹಾಗಿದ್ದರೆ ಬರುತ್ತದೆ. ಚುಕ್ಕಿ ಇಟ್ಟು ಎಳೆ ಸುತ್ತಿಸುವ ರಂಗೋಲಿಯನ್ನು ಚೌಕುಳಿ ಹಾಳೆಯ ಮೇಲೆ ಹಾಕಿ, ಒಂದು ಮೂಲೆಯನ್ನಷ್ಟೇ ತೆಗೆದುಕೊಳ್ಳಿ. ಟೇಬಲ್ ಬಟ್ಟೆಯ ನಾಲ್ಕು ಮೂಲೆಗೂ ಅದೇ ಸಾಕು. ನಾನಂತೂ ಕೈಯಿಂದ ಹೊಸದಾಗಿ ಬಿಡಿಸುವುದು ಕಡಿಮೆ. ಸೀರೆಯ ಸೆರಗು, ಹಳೆಯ ಹಿತ್ತಾಳೆ ತಟ್ಟೆಯ ಕೆತ್ತನೆ, ಊರಿನ ಮನೆಯ ಬಾಗಿಲ ದಾರಂದ, ಇವುಗಳ ಫೋಟೊ ನೇರವಾಗಿ ಎದುರಿನಿಂದ ತೆಗೆದು, ಪ್ರಿಂಟ್ ಹಾಕಿಸಿ, ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಮುಖ್ಯ ಗೆರೆಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಕಂಡ ಗೆರೆಯನ್ನೆಲ್ಲ ಎಳೆದುಬಿಡುತ್ತಾರೆ. ಎರಡು ಗೆರೆಗಳ ನಡುವೆ ಮೂರು ಮಿಲಿಮೀಟರ್ ಜಾಗವಿಲ್ಲದಿದ್ದರೆ ಎರಡೆಳೆ ದಾರದ ಹೊಲಿಗೆ ಒಂದರ ಮೇಲೊಂದು ಏರುತ್ತದೆ. ಎಲೆಯ ನರಗಳು ಏಳಿದ್ದರೆ ಮೂರು ಮಾಡಿ. ಮಿಕ್ಕದ್ದನ್ನು ದಾರವೇ ನೋಡಿಕೊಳ್ಳುತ್ತದೆ.

ಸಾಮಾನು ಏನೇನು ಬೇಕು, ಮುಂಬಯಿಯಲ್ಲಿ ಎಲ್ಲಿ ಸಿಗುತ್ತದೆ?

ಕಾಗದದಲ್ಲಿ ಎರಡು ಬಗೆ. ತೆಳುವಾದದ್ದು ಬಟರ್ ಪೇಪರ್, ದಪ್ಪದ್ದು ಗೇಟ್‌ವೇ. ಕಟ್ಟಡದ ನಕ್ಷೆ ಬರೆಯುವವರು ಬಳಸುವ ಕಾಗದಗಳೇ ಇವು, ಆ ಸಾಮಾನು ಮಾರುವ ಸ್ಟೇಷನರಿ ಅಂಗಡಿಯಲ್ಲಿ ಹೆಸರು ಹೇಳಿದರೆ ಕೊಡುತ್ತಾರೆ. ಒಮ್ಮೆ ಎತ್ತಿ ಬಿಸಾಡುವ ನಕ್ಷೆಗೆ ಬಟರ್ ಪೇಪರ್ ಸಾಕು. ಹತ್ತಾರು ಸಲ ಬಳಸುವ ಖಾಕಾಗೆ (ಗೆರೆಯುದ್ದಕ್ಕೂ ತೂತು ಚುಚ್ಚಿದ ನಕ್ಷೆಗೆ) ಗೇಟ್‌ವೇ ಬೇಕು. ಇವುಗಳ ಜೊತೆಗೆ ಹೊಲಿಗೆಯ ಕಾರ್ಬನ್ (ಹಳದಿ, ನೀಲಿ, ಬಿಳಿ), ಇಂಕು ಮುಗಿದ ಬಾಲ್‌ಪೆನ್, ಗುಂಡುಸೂಜಿ, ಕಾಗದದ ಅಂಟುಪಟ್ಟಿ. ದುಬಾರಿಯದು ಯಾವುದೂ ಇಲ್ಲ.

ಒಂದೇ ಓಡಾಟದಲ್ಲಿ ಎಲ್ಲ ಮುಗಿಸಬೇಕೆಂದರೆ ಕ್ರಾಫರ್ಡ್ ಮಾರ್ಕೆಟ್ ಕಡೆಗೆ ಹೋಗಿ. ಕಾಗದ, ಕಾರ್ಬನ್ನಿಗೆ ಅಬ್ದುಲ್ ರೆಹಮಾನ್ ಸ್ಟ್ರೀಟ್, ಬಟ್ಟೆಗೆ ಮಂಗಲ್‌ದಾಸ್ ಮಾರ್ಕೆಟ್, ಲೇಸು ಜರಿ ಮಣಿಗೆ ಭುಲೇಶ್ವರ. ಮೂರೂ ನಡೆದು ಸುತ್ತುವಷ್ಟು ಹತ್ತಿರ. ಅಲ್ಲಿಗೆ ಹತ್ತಿರದ ಮಸ್ಜಿದ್ ಸ್ಟೇಷನ್ನಿನಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ, ಹಾಗಾಗಿ ಕಲ್ಯಾಣದ ಕಡೆಯವರು ಕೊನೆಯ ನಿಲ್ದಾಣ ಸಿಎಸ್‌ಎಂಟಿಗೇ ಹೋಗಿ ನಡೆದು ಬರುವುದು ಮೇಲು. ಭಾನುವಾರ ಹೋಗಬೇಡಿ. ಪುಣೆಯವರಿಗೆ ಕಾಗದಕ್ಕೆ ಅಪ್ಪಾ ಬಳವಂತ ಚೌಕ, ದಾರ ಮಣಿಗೆ ರವಿವಾರ ಪೇಠ.

ನಕ್ಷೆಯನ್ನು ದೊಡ್ಡದು ಚಿಕ್ಕದು ಮಾಡುವುದು ಹೇಗೆ?

ಝೆರಾಕ್ಸ್ ಅಂಗಡಿಯವನಿಗೆ "ಸ್ವಲ್ಪ ದೊಡ್ಡದು ಮಾಡು" ಎನ್ನಬೇಡಿ, ಶೇಕಡಾವಾರು ಹೇಳಿ. ಬೇಕಾದ ಅಳತೆಯನ್ನು ಈಗಿನ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿ. 12 ಸೆಂಟಿಮೀಟರ್ ಹೂವು 18 ಆಗಬೇಕಾದರೆ 150. ಎ4 ಹಾಳೆಯನ್ನು ಎ3ಕ್ಕೆ ಏರಿಸಲು 141, ಇಳಿಸಲು 71. ಝೆರಾಕ್ಸ್ ಹತ್ತಿರವಿಲ್ಲವೆಂದರೆ ಶಾಲೆಯಲ್ಲಿ ಭೂಪಟ ಬರೆದ ಹಾಗೆ ಚೌಕ ಹಾಕಿ. ಮೂಲದ ಮೇಲೆ ಒಂದು ಸೆಂಟಿಮೀಟರ್ ಚೌಕ, ಹೊಸ ಹಾಳೆಯ ಮೇಲೆ ಎರಡು ಸೆಂಟಿಮೀಟರ್ ಚೌಕ, ಒಂದೊಂದೇ ಚೌಕ ನೋಡಿ ಗೆರೆ ಸಾಗಿಸುವುದು.

ಎರಡು ಪಟ್ಟು ಮಾಡಿದಾಗ ಗೆರೆಯ ಉದ್ದ ಎರಡು ಪಟ್ಟಾಗುತ್ತದೆ, ಆದರೆ ತುಂಬಬೇಕಾದ ಜಾಗ ನಾಲ್ಕು ಪಟ್ಟು. ಸ್ಯಾಟಿನ್ ಸ್ಟಿಚ್‌ನಲ್ಲಿ ತುಂಬುವ ಹೂವಾದರೆ ದಾರವನ್ನೂ ಆ ಲೆಕ್ಕದಲ್ಲೇ ತನ್ನಿ. ಅರ್ಧಕ್ಕೆ ಮುಗಿದ ಮೇಲೆ ಅದೇ ನಂಬರಿನ ದಾರ ಬೇರೆ ಬಣ್ಣದಂತೆ ಕಂಡ ಅನುಭವ ಹೊಲಿಯುವವರಿಗೆಲ್ಲ ಇರುತ್ತದೆ.

ಇಷ್ಟೊಂದು ವಿಧಾನಗಳಿವೆ. ನಾನು ಯಾವುದನ್ನು ಹಿಡಿಯಲಿ?

ಎರಡೇ ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು ಗೆರೆಯ ಮಾತು. ಹೊಲಿದ ಮೇಲೆ ಈ ಗೆರೆ ಹೋಗಬೇಕೋ, ಹೊಲಿಗೆಯ ಕೆಳಗೆ ಮುಚ್ಚಿಹೋಗಬೇಕೋ?

ಚೈನ್ ಸ್ಟಿಚ್, ಸ್ಯಾಟಿನ್, ಆರಿ ಕೆಲಸ (ಕೊಕ್ಕೆ ಸೂಜಿಯ ಹೊಲಿಗೆ) ಗೆರೆಯನ್ನು ಪೂರ್ತಿ ಮುಚ್ಚುತ್ತವೆ. ಅಲ್ಲಿ ಅಳಿಯದ ಗೆರೆ ಇದ್ದರೂ ನಡೆಯುತ್ತದೆ. ರನಿಂಗ್ ಸ್ಟಿಚ್, ಲೇಝಿ ಡೇಝಿ, ಫ್ರೆಂಚ್ ನಾಟ್ ನಡುನಡುವೆ ಬಟ್ಟೆ ತೋರಿಸುತ್ತವೆ. ಅಲ್ಲಿ ಗೆರೆ ಹೋಗಲೇಬೇಕು. ಎರಡನೆಯದು ಬಟ್ಟೆಯ ಮಾತು. ತೊಳೆಯಬಹುದಾದ ಹತ್ತಿಯೋ, ನೀರು ಬಿದ್ದರೆ ಕಲೆಯಾಗುವ ರೇಷ್ಮೆಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಕೆಳಗಿನ ಅರ್ಧದಷ್ಟು ವಿಧಾನಗಳು ತಾವಾಗಿಯೇ ಬಿದ್ದುಹೋಗುತ್ತವೆ.

ತಿಳಿಬಣ್ಣದ ತೆಳು ಹತ್ತಿಯಾದರೆ ಯಾವ ವಿಧಾನವೂ ಬೇಡ. ನಕ್ಷೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಅಂಟಿಸಿ, ಕಂಡ ಗೆರೆಯ ಮೇಲೆ ಎಳೆದುಕೊಂಡು ಹೋಗಿ. ಜುಲೈ ತಿಂಗಳಲ್ಲಿ ನಮ್ಮ ಕಿಟಕಿಗಳಲ್ಲಿ ಮಧ್ಯಾಹ್ನವೂ ಬೆಳಕಿರುವುದಿಲ್ಲ. ಆಗ ಗಾಜಿನ ಟೀಪಾಯಿಯ ಕೆಳಗೆ ಫೋನಿನ ಟಾರ್ಚ್ ಹೊತ್ತಿಸಿಡಿ.

ಕಾರ್ಬನ್ ಹಾಕಿದರೆ ಬಟ್ಟೆಯೆಲ್ಲ ಕೊಳೆಯಾಗುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಬಹುಶಃ ಆಫೀಸಿನ ಕಾರ್ಬನ್ ಬಳಸಿದ್ದೀರಿ. ರಸೀದಿ ಪುಸ್ತಕದ ಕರಿ ನೀಲಿ ಕಾರ್ಬನ್ನಿನಲ್ಲಿ ಜಿಡ್ಡಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಲಿಗೆಗೆಂದೇ ಬರುವ ಕಾರ್ಬನ್ ಬೇರೆ. ಅದನ್ನೂ ನಿಮ್ಮ ಬಟ್ಟೆಯ ತುಂಡಿನ ಮೇಲೆ ಗೀಚಿ, ತೊಳೆದು ನೋಡಿಯೇ ಬಳಸಿ.

ಮಿಕ್ಕದ್ದು ಕೈಯ ತಪ್ಪು. ಬಟ್ಟೆಯ ಕೆಳಗೆ ಗಟ್ಟಿಯಾದ, ನುಣುಪಾದ ಹಲಗೆ ಇರಲಿ, ಹಾಸಿಗೆಯ ಮೇಲೆ ಮಾಡಬೇಡಿ. ಅಂಗೈ ಕಾರ್ಬನ್ನಿನ ಮೇಲೆ ಊರಬಾರದು. ಬರೆಯದ ಪೆನ್ನಿನಿಂದ ಗೆರೆಯನ್ನು ಒಂದೇ ಸಲ ಒತ್ತಿ ಎಳೆಯಿರಿ. ಒಂದು ಮೂಲೆ ಎತ್ತಿ ಗೆರೆ ಮೂಡಿದೆಯೇ ನೋಡಬಹುದು, ಆದರೆ ನಾಲ್ಕೂ ಕಡೆಯ ಗುಂಡುಸೂಜಿ ತೆಗೆದರೆ ಮತ್ತೆ ಅದೇ ಜಾಗಕ್ಕೆ ಕೂರಿಸಲು ಬ್ರಹ್ಮನಿಂದಲೂ ಆಗದು.

ಖಾಕಾ ಎಂದರೇನು? ಮನೆಯಲ್ಲಿ ಮಾಡಬಹುದೇ?

ದೀಪಾವಳಿ ಹೊತ್ತಿಗೆ ದಾದರ್ ಸ್ಟೇಷನ್ ಹೊರಗೆ ರಂಗೋಲಿಯ ತೂತಿನ ಅಚ್ಚು ಮಾರುತ್ತಾರಲ್ಲ, ಮೇಲೆ ಪುಡಿ ಉದುರಿಸಿದರೆ ನೆಲದ ಮೇಲೆ ಕಮಲ ಮೂಡುತ್ತದೆ. ಖಾಕಾ ಅದೇ ಸೂತ್ರ, ತೂತುಗಳು ಮಾತ್ರ ಸೂಜಿಯಷ್ಟು ಸಣ್ಣವು. ಧಾರಾವಿ, ಕುರ್ಲಾ ಕಡೆಯ ಜರಿ ಕಾರ್ಖಾನೆಗಳಲ್ಲಿ ಅಡ್ಡಾಕ್ಕೆ (ಮರದ ಚೌಕಟ್ಟಿಗೆ) ಬಿಗಿದ ಬಟ್ಟೆಗೆ ನಕ್ಷೆ ಇಳಿಸುವುದು ಹೀಗೆಯೇ. ಯುರೋಪಿನಲ್ಲೂ ಹಳೆಯ ಕಾಲದಿಂದ ಇದೇ ಪದ್ಧತಿಯಿತ್ತು. ಗೋಡೆಚಿತ್ರದವರು ತೂತಿನ ಕಾಗದದ ಮೇಲೆ ಇದ್ದಿಲ ಪುಡಿಯ ಗಂಟು ತಟ್ಟಿ ಗೆರೆ ಇಳಿಸುತ್ತಿದ್ದರು. ನನಗೆ ಕೇಳಿದರೆ ಎಲ್ಲ ವಿಧಾನಗಳ ರಾಜ ಇದು. ಒಮ್ಮೆ ಮಾಡಿದ ಖಾಕಾ ಐವತ್ತು ರವಿಕೆಗೆ ಬರುತ್ತದೆ, ಕಪ್ಪು ಬಟ್ಟೆಗೂ ಬಿಳಿ ಬಟ್ಟೆಗೂ ನಡೆಯುತ್ತದೆ.

ಗೇಟ್‌ವೇ ಕಾಗದದ ಮೇಲೆ ನಕ್ಷೆ ಬರೆದುಕೊಳ್ಳಿ. ಕೆಳಗೆ ನಾಲ್ಕು ಮಡಿಕೆ ಮಾಡಿದ ಕಂಬಳಿ ಇಡಿ. 9 ಅಥವಾ 10 ನಂಬರಿನ ಸೂಜಿಯನ್ನು ಹಳೆಯ ಪೆನ್ಸಿಲ್ಲಿನ ಹಿಂಬದಿಯ ರಬ್ಬರಿಗೆ ಚುಚ್ಚಿ ಹಿಡಿಕೆ ಮಾಡಿಕೊಂಡರೆ ಬೆರಳು ನೋಯುವುದಿಲ್ಲ. ಸೂಜಿ ನೆಟ್ಟಗಿರಲಿ. ಒಂದೂವರೆ, ಎರಡು ಮಿಲಿಮೀಟರಿಗೊಂದು ತೂತು. ತಿರುವುಗಳಲ್ಲಿ ಇನ್ನೂ ಹತ್ತಿರ, ನೇರ ಗೆರೆಯಲ್ಲಿ ತುಸು ದೂರವಾದರೂ ನಡೆದೀತು. ತೀರಾ ಹತ್ತಿರ ಚುಚ್ಚಿದರೆ ಅಂಚೆ ಚೀಟಿಯ ಹಾಗೆ ಹರಿದೇ ಬರುತ್ತದೆ. ಹೊಲಿಗೆ ಯಂತ್ರವಿದ್ದವರು ದಾರ ತೆಗೆದು, ಬರಿಯ ಸೂಜಿಯನ್ನು ಗೆರೆಯ ಮೇಲೆ ಓಡಿಸಬಹುದು. ಉದ್ದನೆಯ ಬಳ್ಳಿಗೆ ಅದು ವರ, ಸಣ್ಣ ಸುರುಳಿಗೆ ಕೈಯೇ ಸರಿ. ಆ ಸೂಜಿಯಿಂದ ಮತ್ತೆ ಬಟ್ಟೆ ಹೊಲಿಯಬೇಡಿ, ಕಾಗದ ಅದರ ಮೊನೆಯನ್ನು ಮೊಂಡು ಮಾಡಿರುತ್ತದೆ.

ಎರಡೂ ತೋಳಿಗೆ ಒಂದೇ ನಕ್ಷೆಯೆಂದರೆ ಎರಡು ಕಾಗದ ಸೇರಿಸಿ ಒಟ್ಟಿಗೆ ಚುಚ್ಚಿ. ಎಡ ಬಲ ಒಂದೇ ಥರ ಇರುವ ನಕ್ಷೆಯಾದರೆ ಕಾಗದವನ್ನು ನಡುವೆ ಮಡಚಿ ಅರ್ಧವನ್ನಷ್ಟೇ ಬರೆದು ಚುಚ್ಚಿದರೆ ಸಾಕು, ಬಿಚ್ಚಿದಾಗ ಪೂರ್ತಿ ನಕ್ಷೆ. ಕಾಗದದ ಹಿಂಬದಿಯಲ್ಲಿ ಎದ್ದ ಮುಳ್ಳುಗಳನ್ನು ನಯವಾದ ಮರಳು ಕಾಗದದಿಂದ ಹಗುರವಾಗಿ ಸವರಿ, ಇಲ್ಲದಿದ್ದರೆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ನೋಡಿ. ನಕ್ಷೆಯೆಲ್ಲ ನಕ್ಷತ್ರದಂತೆ ಕಾಣಬೇಕು, ಬಿಟ್ಟುಹೋದ ಜಾಗ ಅಲ್ಲೇ ಗೊತ್ತಾಗುತ್ತದೆ.

ಇನ್ನು ಬಳಿಯುವುದು. ಗಾಢ ಬಟ್ಟೆಗೆ ಬಿಳಿಯ ಜಿಂಕ್ ಪುಡಿ (ಜಿಂಕ್ ಆಕ್ಸೈಡ್), ತಿಳಿ ಬಟ್ಟೆಗೆ ಒಗೆಯುವಾಗ ಹಾಕುವ ನೀಲಿ ಪುಡಿ. ಅದಕ್ಕೆ ಸೀಮೆಎಣ್ಣೆ ಹನಿಹನಿಯಾಗಿ ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಚಟ್ನಿಯಷ್ಟು ಮಾಡಿ. ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಖಾಕಾ ಮೇಲೆ ಒಂದೇ ದಿಕ್ಕಿನಲ್ಲಿ ಸವರಿ. ಹಿಂಡುವುದರಲ್ಲೇ ಎಲ್ಲ ಇದೆ. ಉಂಡೆ ಒದ್ದೆಯಾಗಿದ್ದರೆ ಚುಕ್ಕಿಗಳು ಹರಡಿ ಒಂದಕ್ಕೊಂದು ಸೇರುತ್ತವೆ. ಸೀಮೆಎಣ್ಣೆ ಆರಿಹೋಗಿ ಪುಡಿ ಮಾತ್ರ ಬಟ್ಟೆಯ ಮೇಲೆ ಉಳಿಯುತ್ತದೆ, ಹೊಲಿದ ಮೇಲೆ ಕೊಡವಿದರೆ, ಒರೆಸಿದರೆ ಬಹುಪಾಲು ಹೋಗುತ್ತದೆ. ಬಾಟಲಿಯಲ್ಲಿ ಬರುವ ದ್ರವ ನೀಲಿಯನ್ನು ಮಾತ್ರ ಬಳಸಬೇಡಿ. ಅದು ಪುಡಿಯಲ್ಲ, ಬಣ್ಣ. ಎಳೆಯೊಳಗೆ ಇಳಿದು ಕೂತುಬಿಡುತ್ತದೆ.

ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ? ವಾಸನೆ ಬೇರೆ!

ಸಿಗದಿದ್ದರೆ ಪೇಂಟ್ ಅಂಗಡಿಯ ಟರ್ಪಂಟೈನ್ ತನ್ನಿ. ಎರಡೂ ಬೆಂಕಿಗೆ ಹತ್ತುವ ವಸ್ತುಗಳು. ಅಡುಗೆಮನೆಯಲ್ಲಿ ಮಾಡಬೇಡಿ, ದೇವರ ದೀಪ ಉರಿಯುತ್ತಿರುವಾಗ ಪಕ್ಕದಲ್ಲೂ ಬೇಡ, ಕಿಟಕಿ ತೆರೆದಿರಲಿ. ಒರೆಸಿದ ಬಟ್ಟೆಯನ್ನು ಮುದುಡಿ ಕಸದ ಡಬ್ಬಿಗೆ ತುರುಕದೆ ಹರಡಿ ಒಣಗಿಸಿ ಎಸೆಯಿರಿ. ವಾಸನೆ ಒಂದು ರಾತ್ರಿ ಬಾಲ್ಕನಿಯಲ್ಲಿ ಹಾಕಿದರೆ ಹೋಗುತ್ತದೆ. ಇದೆಲ್ಲ ಬೇಡವೆನ್ನುವವರು ಒಣ ಪುಡಿಯನ್ನೇ ಹತ್ತಿಯ ಗಂಟಿನಿಂದ ತಟ್ಟಬಹುದು, ಆದರೆ ಅದು ಕೈ ತಾಗಿದರೆ ಹಾರಿಹೋಗುತ್ತದೆ. ತಟ್ಟಿದ ಕೂಡಲೆ ಚುಕ್ಕಿಗಳನ್ನು ಪೆನ್ನಿನಿಂದ ಜೋಡಿಸಿಕೊಳ್ಳಬೇಕು.

ಇಸ್ತ್ರಿ ಹಾಕಿ ಇಳಿಸುವ ನಕ್ಷೆಯನ್ನು ನಾವೇ ಮಾಡಬಹುದೇ?

ಮಾಡಬಹುದು. ಇದಕ್ಕೆಂದೇ ಟ್ರಾನ್ಸ್‌ಫರ್ ಪೆನ್ಸಿಲ್ ಬರುತ್ತದೆ. ಟ್ರೇಸಿಂಗ್ ಕಾಗದದ ಮೇಲೆ ನಕ್ಷೆ ಎತ್ತಿಕೊಂಡು, ಕಾಗದ ತಿರುಗಿಸಿ ಹಿಂಬದಿಯಿಂದ ಅದೇ ಗೆರೆಗಳ ಮೇಲೆ ಈ ಪೆನ್ಸಿಲ್ ಎಳೆಯಿರಿ. ಪೆನ್ಸಿಲ್ಲಿನ ಬದಿ ಬಟ್ಟೆಗೆ ತಾಗುವಂತೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಒತ್ತಬೇಕು, ಉಜ್ಜಬಾರದು. ಆವಿ ಬೇಡ. ಹದಿನೈದು ಸೆಕೆಂಡು ಇಟ್ಟು, ಎತ್ತಿ, ಪಕ್ಕಕ್ಕೆ ಇಡಿ. ಬಟ್ಟೆಯ ಗಂಜಿ ಮೊದಲೇ ತೊಳೆದು ತೆಗೆದಿರಬೇಕು.

ನನ್ನ ಕಥೆ ಕೇಳಿ. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ದಿಂಬಿನ ಚೀಲದ ಮೇಲೆ "ಅಮ್ಮ" ಎಂದು ಬರೆಯಲು ಹೋಗಿ, ಕಾಗದ ತಿರುಗಿಸುವುದನ್ನು ಮರೆತೆ. ಇಸ್ತ್ರಿ ಎತ್ತಿದಾಗ ಒತ್ತಕ್ಷರ ಎಡಕ್ಕೆ, ಅಕಾರ ಬಲಕ್ಕೆ. ಅಳಿಸಲು ಹೋದರೆ ಅಳಿಯುವ ಗೆರೆಯಲ್ಲ ಅದು. ಕೊನೆಗೆ ಅದರ ಮೇಲೆ ದಾಸವಾಳ ಹೊಲಿದು ಮುಚ್ಚಿದೆ. ಈಗಲೂ ಆಕೆ ಆ ಹೂವು ಯಾಕೆ ಅಷ್ಟು ಅಗಲ ಎಂದು ಕೇಳುತ್ತಾಳೆ.

ಇಸ್ತ್ರಿಯ ನಕ್ಷೆ 1870ರ ದಶಕದಲ್ಲಿ ಮ್ಯಾಂಚೆಸ್ಟರಿನ ಬ್ರಿಗ್ಸ್ ಕಂಪನಿ ಶುರುಮಾಡಿದ್ದು. ಆಗಿನಿಂದ ಈಗಿನವರೆಗೆ ಅದರ ಗುಣ ಒಂದೇ: ಬಿಸಿಗೆ ಕರಗಿ ಬಟ್ಟೆಗೆ ಅಂಟಿಕೊಳ್ಳುವ ಗೆರೆ. ಹಾಗಾಗಿ ಪೂರ್ತಿ ಮುಚ್ಚುವ ಹೊಲಿಗೆಗೆ ಮಾತ್ರ ಇದನ್ನು ಬಳಸಿ.

ಪೆನ್ಸಿಲ್ ಇಲ್ಲದಿದ್ದರೆ ಝೆರಾಕ್ಸ್ ಯಂತ್ರವೇ ಸಾಕು. ಲೇಸರ್ ಪ್ರಿಂಟಿನ ಕಪ್ಪು ಟೋನರ್ ನುಣ್ಣನೆಯ ಪ್ಲಾಸ್ಟಿಕ್ ಪುಡಿ, ಬಿಸಿಗೆ ಮೆತ್ತಗಾಗುತ್ತದೆ. ನಕ್ಷೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ತೆಗೆಸಿ, ಮುಖ ಕೆಳಗೆ ಮಾಡಿ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಬೂದುಬಣ್ಣದ ಗೆರೆ ಇಳಿಯುತ್ತದೆ. ತಾಜಾ ಪ್ರಿಂಟ್ ಬೇಕು. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಇಳಿಯುವುದಿಲ್ಲ.

ತಾನಾಗಿ ಮಾಯವಾಗುವ ಪೆನ್ನು ಒಳ್ಳೆಯದಲ್ಲವೇ?

ಮೂರು ಬಗೆಯಿವೆ, ಮೂರೂ ಬೇರೆ ಬೇರೆ ರೀತಿ ಕೈಕೊಡುತ್ತವೆ.

ನೇರಳೆ ಬಣ್ಣದ್ದು ಗಾಳಿಗೆ ಮಾಯವಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಬೇಗ. ಮುಂಬಯಿಯ ಮಳೆಗಾಲದಲ್ಲಿ ಐದು ದಳ ಬರೆದು ಮೂರನೆಯದು ಹೊಲಿಯುವಷ್ಟರಲ್ಲಿ ಉಳಿದೆರಡು ಇರುವುದಿಲ್ಲ. ಒಂದೇ ಕೂತಲ್ಲಿ ಮುಗಿಸುವ ಕೆಲಸಕ್ಕೆ ಸರಿ.

ನೀಲಿ ಬಣ್ಣದ್ದು ನೀರಿಗೆ ಹೋಗುತ್ತದೆ. ಇದು ನನಗೆ ಇಷ್ಟ. ಆದರೆ ತೊಳೆಯುವ ಮೊದಲು ಇಸ್ತ್ರಿ ತಾಗಿಸಬಾರದು, ಬಿಸಿಲಿಗೆ ಹಾಕಬಾರದು. ಬಿಸಿ ತಾಗಿದರೆ ಗೆರೆ ಕಂದಾಗಿ ನಿಂತುಬಿಡಬಹುದು. ಮೊದಲು ಸೋಪು ಹಾಕದೆ ಬರಿಯ ತಣ್ಣೀರಿನಲ್ಲಿ ಮುಳುಗಿಸಿ ಬಿಡಿ. ಮೇಲೆ ನೀರು ಚಿಮುಕಿಸಿದರೆ ಸಾಲದು, ಇಂಕು ಬಟ್ಟೆಯ ಒಳಗೆ ಸರಿದು ಒಣಗಿದ ಮೇಲೆ ಮತ್ತೆ ಮೇಲೇರುತ್ತದೆ.

ಮೂರನೆಯದು ಫ್ರಿಕ್ಸಿಯಾನ್ ಥರದ, ಉಜ್ಜಿದರೆ ಅಳಿಯುವ ಬರವಣಿಗೆ ಪೆನ್ನು. ಸುಮಾರು 60 ಡಿಗ್ರಿ ಬಿಸಿಗೆ ಇಂಕಿನ ಬಣ್ಣ ಕಾಣದಂತಾಗುತ್ತದೆ, ಹಾಗಾಗಿ ಇಸ್ತ್ರಿಗೆ ಗೆರೆ ಮಾಯ. ಆದರೆ ಇಂಕು ಬಟ್ಟೆಯಲ್ಲೇ ಇರುತ್ತದೆ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಹೋದರೆ ಗೆರೆ ವಾಪಸ್ ಬರುತ್ತದೆ. ನಂಬಿಕೆಯಿಲ್ಲದಿದ್ದರೆ ಒಂದು ತುಂಡನ್ನು ಫ್ರೀಜರಿನಲ್ಲಿ ಇಟ್ಟು ನೋಡಿ. ಮುಂಬಯಿಯಲ್ಲಿ ಆ ಚಳಿಯ ಭಯವಿಲ್ಲ. ಗಾಢ ಬಟ್ಟೆಯ ಮೇಲೆ ಮಾತ್ರ ಬೆಳ್ಳನೆಯ ಗುರುತು ಉಳಿಯಬಹುದು.

ಸಾದಾ ಪೆನ್ಸಿಲ್ ಬಗ್ಗೆಯೂ ಕೇಳುತ್ತಾರೆ. ಅದು ಸುಲಭವಾಗಿ ಹೋಗುವುದಿಲ್ಲ, ಮೇಲಾಗಿ ಬಿಳಿ ದಾರವನ್ನು ಬೂದು ಮಾಡುತ್ತದೆ. ಬೇಕೇ ಬೇಕೆಂದರೆ 2ಎಚ್ ಪೆನ್ಸಿಲ್ ಚೂಪು ಮಾಡಿ, ಕಂಡೂ ಕಾಣದಂತೆ ಎಳೆಯಿರಿ.

ಕಪ್ಪು ಬಟ್ಟೆ, ಮಖಮಲ್, ಉಣ್ಣೆಗೆ ಏನು ಮಾಡುವುದು?

ಕಪ್ಪು ಹತ್ತಿ, ರೇಷ್ಮೆಗೆ ಬಿಳಿ ಖಾಕಾ. ಮಖಮಲ್ಲಿಗೆ, ಟವೆಲ್ಲಿಗೆ, ಉಣ್ಣೆಗೆ ಯಾವ ಗೆರೆಯೂ ನಿಲ್ಲುವುದಿಲ್ಲ. ಉಡುಗೊರೆ ಸುತ್ತುವ ತೆಳು ಟಿಶ್ಯೂ ಕಾಗದದ ಮೇಲೆ ನಕ್ಷೆ ಬರೆದು, ಬಟ್ಟೆಯ ಮೇಲಿಟ್ಟು, ಕಾಗದ ಸಹಿತ ಗೆರೆಯ ಮೇಲೆ ಸಣ್ಣ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಕಾಗದ ಹರಿದು ತೆಗೆದರೆ ದಾರದ ಗೆರೆ ಉಳಿಯುತ್ತದೆ. ತಾಳ್ಮೆ ಬೇಡುವ ಕೆಲಸ, ಆದರೆ ಬಟ್ಟೆಗೆ ಒಂದು ಚುಕ್ಕೆ ಕಲೆಯಾಗುವುದಿಲ್ಲ. ಬೆಲೆಬಾಳುವ ರೇಷ್ಮೆ ಸೀರೆಗೆ ನಾನು ಇದೊಂದನ್ನೇ ನಂಬುವುದು.

ನೀರಿನಲ್ಲಿ ಕರಗುವ, ಅಂಟಿಸುವ ಹಾಳೆಯೂ ಈಗ ಬರುತ್ತದೆ. ಅದರ ಮೇಲೆ ಬರೆದು, ಬಟ್ಟೆಗೆ ಅಂಟಿಸಿ, ಅದರ ಮೇಲೇ ಹೊಲಿದು, ತೊಳೆದರಾಯಿತು. ಟಿ-ಶರ್ಟಿನಂಥ ಹಿಗ್ಗುವ ಬಟ್ಟೆಗೆ ಇದರಷ್ಟು ಸುಲಭ ಬೇರೆ ಇಲ್ಲ. ತೊಳೆಯಲಾಗದ ಬಟ್ಟೆಗೆ ಪ್ರಯೋಜನವಿಲ್ಲ.

ಕನ್ನಡ ಅಕ್ಷರಗಳನ್ನು ಹೊಲಿಯಬೇಕು. ಫೋನಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದರೆ ಸಾಕೇ?

ಇಂಗ್ಲಿಷಿನ ಅಕ್ಷರಕ್ಕೆ ಸಾಕಾಗಬಹುದು, ನಮ್ಮದಕ್ಕೆ ಸಾಲದು. ಟೈಪಿನ ಅಕ್ಷರದಲ್ಲಿ ಒತ್ತಕ್ಷರ ಬಹಳ ಚಿಕ್ಕದು. ದಾರಕ್ಕೆ ದಪ್ಪವಿದೆ, ಕಣ್ಣಿಗೆ ಕಂಡ ಸುರುಳಿ ಸೂಜಿಗೆ ಸಿಗುವುದಿಲ್ಲ. "ಕೃಷ್ಣ" ಹೊಲಿದರೆ ಕೆಳಗೊಂದು ಗಂಟು ಕಾಣುತ್ತದೆ, ಅಷ್ಟೇ. ಆದ್ದರಿಂದ ಪ್ರಿಂಟ್ ಇಟ್ಟುಕೊಂಡು ಮತ್ತೆ ಕೈಯಿಂದ ಬರೆಯಿರಿ. ಮುಖ್ಯ ಅಕ್ಷರದ ಎತ್ತರ ಎರಡೂವರೆ ಸೆಂಟಿಮೀಟರಿಗೆ ಕಡಿಮೆ ಬೇಡ. ಒತ್ತಕ್ಷರವನ್ನು ಅದರ ಮುಕ್ಕಾಲು ಗಾತ್ರಕ್ಕೆ ಹಿಗ್ಗಿಸಿ, ತುಸು ಕೆಳಗೆ ಇಳಿಸಿ. ಮುದ್ರಣದಲ್ಲಿ ವಿಕಾರವಾಗಿ ಕಾಣುವ ಈ ಹಿಗ್ಗು ದಾರದಲ್ಲಿ ಸರಿಯಾಗಿ ಕೂರುತ್ತದೆ.

ಅಕ್ಷರ ಸೀಳುವ ಸಣ್ಣ ಗೆರೆಗಳನ್ನು ಎಲ್ಲರೂ ಮರೆಯುತ್ತಾರೆ. ದ ಮತ್ತು ಧ, ಪ ಮತ್ತು ಫ, ಇವುಗಳ ವ್ಯತ್ಯಾಸ ಬರಿಯ ಹೊಟ್ಟೆ ಸೀಳು. ನಕ್ಷೆಯಲ್ಲಿ ಅದನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಕೊನೆಯಲ್ಲಿ ಒಂದೇ ನೇರ ಹೊಲಿಗೆಯಾಗಿ ಹಾಕಿ. ನಮ್ಮ ಗುಂಪಿನಲ್ಲಿ ಒಬ್ಬರು "ರಾಧಾ" ಎಂಬ ಹೆಸರಿನಲ್ಲಿ ಈ ಒಂದು ಗೆರೆ ಬಿಟ್ಟು, ಮದುವೆ ಮನೆಯಲ್ಲಿ ಹುಡುಗಿಯ ಅತ್ತೆಯ ಕಣ್ಣಿಗೆ ಬಿದ್ದು, ಪಾಪ, ವರ್ಷವಿಡೀ ಕೇಳಬೇಕಾಯಿತು.

ತಲಕಟ್ಟು, ಕೊಂಬು, ಏತ್ವದ ಸುತ್ತುಗಳಿಗೆ ಸ್ಟೆಮ್ ಸ್ಟಿಚ್ ಅಥವಾ ಚೈನ್. ತಿರುವಿನಲ್ಲಿ ಹೊಲಿಗೆ ಚಿಕ್ಕದು ಮಾಡಿ. ನಮ್ಮ ಲಿಪಿಯಲ್ಲಿ ನೇರ ಗೆರೆ ಕಡಿಮೆ, ದುಂಡು ಹೆಚ್ಚು. ಅದಕ್ಕೇ ದಾರದಲ್ಲಿ ಅಷ್ಟು ಚೆಂದ.

ಧಾರವಾಡದ ಕಸೂತಿಗೂ ಹೀಗೆ ನಕ್ಷೆ ಇಳಿಸಬೇಕೇ?

ಬೇಡ. ನಾವು ಕನ್ನಡದಲ್ಲಿ ಎಲ್ಲ ಕೈಹೊಲಿಗೆಗೂ ಕಸೂತಿ ಎನ್ನುತ್ತೇವೆ, ಗೊಂದಲ ಅಲ್ಲಿಂದಲೇ. ನಮ್ಮ ಕಡೆಯ ಇಳಕಲ್ ಸೀರೆಯ, ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವಂಥದ್ದು. ಗವಂತಿ, ಮುರಗಿ, ನೇಯ್ಗಿ, ಮೆಂತೆ, ಅದರ ಈ ನಾಲ್ಕೂ ಹೊಲಿಗೆಗಳಿಗೆ ಎಣಿಕೆಯೇ ಆಧಾರ. ತೇರು, ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಎಳೆಯ ಎಣಿಕೆಯಲ್ಲೇ ಬೆಳೆಯುತ್ತವೆ. ಗೆರೆ ಎಳೆದು ಗವಂತಿ ಹಾಕಿದರೆ ಹೊಲಿಗೆ ಎಳೆಗೆ ಸರಿಯಾಗಿ ಬೀಳದೆ ಗೋಪುರ ವಾಲುತ್ತದೆ.

ಇಲ್ಲಿ ನಕ್ಷೆಯೆಂದರೆ ಚೌಕುಳಿ ಹಾಳೆ. ಒಂದು ಚೌಕಕ್ಕೆ ಒಂದು ಹೊಲಿಗೆ. ಅಳತೆ ಮೊದಲೇ ಲೆಕ್ಕಹಾಕಿ. 42 ಚೌಕದ ತೇರು, ಇಂಚಿಗೆ 14 ಮನೆ (ನೇಯ್ಗೆಯ ಚೌಕ) ಇರುವ ಮ್ಯಾಟಿ ಬಟ್ಟೆಯಲ್ಲಿ ಮೂರು ಇಂಚು ಬರುತ್ತದೆ, 11 ಮನೆಯದರಲ್ಲಿ ಹೆಚ್ಚುಕಡಿಮೆ ನಾಲ್ಕು. ಎಳೆ ಎಣಿಸಲಾಗದ ನುಣ್ಣನೆಯ ರೇಷ್ಮೆಯಾದರೆ ಮೇಲೆ ಮ್ಯಾಟಿ ಬಟ್ಟೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಎರಡೂ ಸೇರಿಸಿ ಹೊಲಿದು, ಕೊನೆಗೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆ ತುಸು ಬಿಗಿಯಾಗಿರಲಿ, ಎಳೆ ಹೋದ ಮೇಲೆ ಸಡಿಲಾಗುತ್ತದೆ.

ರವಿಕೆಗೆ ನಕ್ಷೆ ಮಾಡುವಾಗ ಏನು ನೋಡಿಕೊಳ್ಳಬೇಕು?

ಮೊದಲು ಟೇಲರ್ ಹತ್ತಿರ ಹೋಗಿ ಬಟ್ಟೆಯ ಮೇಲೆ ಅಳತೆಯ ಗುರುತು ಹಾಕಿಸಿ, ಕತ್ತರಿಸಬೇಡಿ. ಆಮೇಲೆ ನಕ್ಷೆ, ಆಮೇಲೆ ಹೊಲಿಗೆ, ಕೊನೆಗೆ ಕತ್ತರಿ. ಕುತ್ತಿಗೆಯ ಗೆರೆಯನ್ನು ಟ್ರೇಸಿಂಗ್ ಕಾಗದಕ್ಕೆ ಎತ್ತಿಕೊಂಡು, ನಕ್ಷೆಯನ್ನು ಅದರಿಂದ ಎರಡು ಸೆಂಟಿಮೀಟರ್ ದೂರ ಬಿಟ್ಟು ಇಡಿ, ಇಲ್ಲದಿದ್ದರೆ ಮಣಿಗಳು ಹೊಲಿಗೆಯ ಮಡಿಕೆಯೊಳಗೆ ಸೇರಿ ಯಂತ್ರದ ಸೂಜಿ ಮುರಿಯುತ್ತದೆ. ಮುಂಭಾಗದ ಟಕ್ಸ್ ಬರುವ ಜಾಗವನ್ನು ಖಾಲಿ ಬಿಡಿ. ಖಾಕಾ ಮೇಲೆ "ಎಡತೋಳು", "ಮೇಲೆ" ಎಂದು ಬರೆದಿಡಿ. ಪೈಠಣಿ ಸೀರೆಗೆ ಹೊಂದುವ ಗಿಳಿ, ನವಿಲು ಹಾಕುವವರು ಎರಡೂ ತೋಳಿನ ಹಕ್ಕಿಗಳು ಎದುರುಬದುರು ನೋಡಬೇಕೆಂಬುದನ್ನು ನೆನಪಿಡಬೇಕು. ಎರಡನೆಯ ತೋಳಿಗೆ ಅದೇ ಖಾಕಾ ಮಗುಚಿ ಹಾಕಿದರಾಯಿತು. ಮಗುಚುವ ಮೊದಲು ಹಿಂದಿನ ಬಣ್ಣ ಒರೆಸಿ.

ಹೊಲಿದಾಯಿತು, ಗೆರೆ ಹೋಗುತ್ತಿಲ್ಲ!

ಇಸ್ತ್ರಿ ಹಾಕಬೇಡಿ, ಬ್ಲೀಚ್ ಮುಟ್ಟಬೇಡಿ. ನೀರಿನ ಪೆನ್ನಾದರೆ ಮತ್ತೆ ತಣ್ಣೀರು. ಹೊಲಿಗೆಯ ಕಾರ್ಬನ್ನಾದರೆ ಮೆತ್ತನೆಯ ಸೋಪಿನ ನೊರೆಯಲ್ಲಿ ನೆನೆಸಿ ಬೆರಳಿಂದ ಸವರಿ, ಕೆಂಪು ದಾರವಿದ್ದರೆ ಮೊದಲು ಬಣ್ಣ ಬಿಡುತ್ತದೆಯೇ ನೋಡಿ. ಖಾಕಾ ಪುಡಿಯಾದರೆ ಸೀಮೆಎಣ್ಣೆ ತಾಗಿಸಿದ ಹತ್ತಿಯಿಂದ ಒತ್ತಿ. ಇಸ್ತ್ರಿಯ ಗೆರೆಯಾದರೆ ಪಕ್ಕದಲ್ಲಿ ಇನ್ನೊಂದು ಸಾಲು ಹೊಲಿಯಿರಿ. ನನ್ನ ದಾಸವಾಳ ಹುಟ್ಟಿದ್ದೇ ಹಾಗೆ.

ಮಳೆಗಾಲದಲ್ಲಿ ನಕ್ಷೆಗಳು ಹಾಳಾಗುತ್ತವೆ. ಎಲ್ಲಿಡುವುದು?

ಮಡಚಬೇಡಿ, ಸುತ್ತಿ. ಬಟ್ಟೆ ಅಂಗಡಿಯಲ್ಲಿ ಥಾನಿನ ಒಳಗಿನ ರಟ್ಟಿನ ಕೊಳವೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಸೀಮೆಎಣ್ಣೆ ಪೂರ್ತಿ ಆರಿದ ಮೇಲೆ ಹಳೆಯ ಪತ್ರಿಕೆಯೊಂದಿಗೆ ಸುತ್ತಿ ಒಳಗಿಡಿ. ಗೋಡೆಗೆ ತಾಗಿದ ಬೀರುವಿನ ಕೆಳಗಿನ ಹಲಗೆ ಬೇಡ, ನಮ್ಮ ಕಟ್ಟಡಗಳಲ್ಲಿ ಬೂಷ್ಟು ಮೊದಲು ಏರುವುದು ಅಲ್ಲಿಂದ.

ಬೇರೆಯವರ ಡಿಸೈನ್ ಎತ್ತಿಕೊಂಡರೆ ತಪ್ಪೇ?

ತೇರು, ಗೋಪುರ, ಮಾವಿನಕಾಯಿ ಯಾರ ಸ್ವತ್ತೂ ಅಲ್ಲ. ಒಬ್ಬ ಕಲಾವಿದರು ಬಿಡಿಸಿದ ಚಿತ್ರ ಹಾಗಲ್ಲ. ನಮ್ಮ ದೇಶದ ಕಾನೂನಿನಲ್ಲಿ ಅವರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಅಂಥ ಚಿತ್ರವನ್ನು ಕೇಳದೆ ಹೊಲಿದು ಮಾರಬೇಡಿ. ಅಂಗಡಿಗೆ ಕೊಡುವ ಯೋಚನೆಯಿದ್ದರೆ ರಂಗೋಲಿಯಿಂದ, ಮನೆಯ ಹಳೆಯ ಸೀರೆಯಿಂದ ಶುರುಮಾಡಿ.

ಮಗಳು ಗೋಡೆಯ ಮೇಲೆ ಬರೆದ ಆನೆಯನ್ನು ಹಾಗೆಯೇ ಹೊಲಿಯಬೇಕೆಂದಿದೆ. ಆಗುತ್ತದೆಯೇ?

ಆಗುತ್ತದೆ. ಬಟರ್ ಪೇಪರನ್ನು ಗೋಡೆಗೇ ಅಂಟಿಸಿ ಎತ್ತಿಕೊಳ್ಳಿ, ಫೋಟೊ ಬೇಡ. ಒಂದು ಕಿವಿ ದೊಡ್ಡದಿದ್ದರೆ ಇರಲಿ, ಐದು ಕಾಲಿದ್ದರೂ ಇರಲಿ, ತಿದ್ದಬೇಡಿ. ಚಿಕ್ಕದು ಮಾಡಲೇಬೇಕಿದ್ದರೆ 71 ಹೇಳಿ ಝೆರಾಕ್ಸ್ ಮಾಡಿಸಿ. ಕಿಟಕಿಯ ಗಾಜು, ನೀಲಿ ಪೆನ್ನು, ಎರಡೆಳೆ ದಾರದ ಸ್ಟೆಮ್ ಸ್ಟಿಚ್. ಗೋಡೆಗೆ ಸುಣ್ಣ ಹೊಡೆಸುವ ಮೊದಲು ಎತ್ತಿಕೊಳ್ಳಿ.